ಪಾರಿಜಾತದ ಗಿಡ ಯಾರ ಅಂಗಳದಾಗ?

ನಮ್ಮ ಹಾಸ್ಟೆಲ್ ರೂಮಿನಾಗ ನಾಲ್ಕು ತಾಲ್ಲೂಕು ಅವ. ಕಿಟಕಿ ಕಡೆ ಇಂಡಿ, ಬಾಗಿಲ ಕಡೆ ಸಿಂದಗಿ, ಫ್ಯಾನಿನ ಕೆಳಗ ಬಸವನ ಬಾಗೇವಾಡಿ, ಉಳಿದ ಮೂಲಿಗೆ ಮುದ್ದೇಬಿಹಾಳ, ಅಂದ್ರ ನಾನು. ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋದು ಬಿಟ್ಟು ನಾಲ್ವರೂ ಒಂದೇ ಲ್ಯಾಪ್‌ಟಾಪಿಗೆ ಮುಖ ಒಡ್ಡಿ ಕೂತಿದ್ವಿ. ಸಿಂದಗಿಯವ ಎಲ್ಲಿಂದಲೋ 'ಗ್ಯಾಲವಂಟ್' ಅನ್ನೋ ಧಾರಾವಾಹಿ ತಂದಿದ್ದ. 2015ರ ಜನವರಿಯಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾಗಿ ಎರಡು ಸೀಸನ್, ಒಟ್ಟು 18 ಕಂತಿಗೆ ಮುಗಿದುಹೋದ ಹಾಡಿನ ಹಾಸ್ಯ ನಾಟಕ ಅದು. 'ಅಲ್ಲಾದೀನ್' ಸಿನಿಮಾಕ್ಕೆ ಸಂಗೀತ ಕೊಟ್ಟ ಆಲನ್ ಮೆಂಕೆನ್ ಅವರದೇ ಇದಕ್ಕೂ ಸಂಗೀತ.

ಕಥೆ ಇಷ್ಟೇ. ಒಬ್ಬ ಶೂರ. ಅವನ ಪ್ರಿಯತಮೆಯನ್ನು ರಾಜ ಹೊತ್ತೊಯ್ಯುತ್ತಾನೆ. ಶೂರ ಕುದುರೆ ಏರಿ, ಕತ್ತಿ ಹಿರಿದು, ಹಾಡು ಹಾಡುತ್ತಾ ಮದುವೆ ಮಂಟಪಕ್ಕೆ ನುಗ್ಗಿದರೆ ಆಕೆ "ನಂಗ ಅರಮನೆನೇ ಬೇಕು" ಅಂತ ರಾಜನನ್ನೇ ಆರಿಸಿಕೊಂಡುಬಿಡ್ತಾಳೆ. ಆಮೇಲೆ ಆ ರಾಜನಿಗೂ ಆಕೆ ಸೊಪ್ಪು ಹಾಕೋದಿಲ್ಲ, ಅರಮನೆಯ ವಿದೂಷಕನ ಕೂಡ ಓಡಾಡ್ತಾಳ. ಇಷ್ಟರ ಮೇಲೆ ರಾಜನ ಅಣ್ಣ ಬಂದು ಸಿಂಹಾಸನ ನಂದು ಅಂತಾನೆ. ಕೋಟೆ, ಕತ್ತಿ, ಮಾಟ ಎಲ್ಲಾ ಮೇಲಿನ ಬಣ್ಣ. ಒಳಗ ನೋಡಿದ್ರ ಗಂಡ-ಹೆಂಡತಿ ಜಗಳ, ಅಣ್ಣ-ತಮ್ಮರ ಪಾಲಿನ ಜಗಳ.

"ಲೇ, ಇದು ನಮ್ಮ ಪಾರಿಜಾತ ಅಲ್ಲೇನೋ" ಅಂದೆ. ಬಾಗೇವಾಡಿಯವ ನಕ್ಕ. ಇಂಡಿಯವ, "ಪಾರಿಜಾತ ಅಂದ್ರ?" ಅಂದ. ಅವನಿಗೆ ಹೇಳಲಿಕ್ಕೆ ಹೋಗಿ ರಾತ್ರಿ ಮೂರಾಯಿತು. ಮರುದಿನದ ಪೇಪರ್ ಏನಾಯ್ತು ಅಂತ ಕೇಳಬ್ಯಾಡ್ರಿ. ಅವತ್ತು ಹೇಳಿದ್ದನ್ನೇ ಸ್ವಲ್ಪ ಜೋಡಿಸಿ ಇಲ್ಲಿ ಬರೀತಿದ್ದೇನೆ.

'ಶ್ರೀಕೃಷ್ಣ ಪಾರಿಜಾತ' ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಬಯಲಾಟ. ಇದನ್ನು ಮೊದಲು ಬರೆದವರು ಅಪರಾಳ ತಮ್ಮಣ್ಣ. ಅದನ್ನು ಹಳ್ಳಿ ರಂಗಕ್ಕೆ ಒಗ್ಗಿಸಿ ಊರೂರಿಗೆ ಮುಟ್ಟಿಸಿದವರು ಕುಲಗೋಡ ತಮ್ಮಣ್ಣ. ಇಬ್ಬರ ಹೆಸರೂ ತಮ್ಮಣ್ಣ ಆದ್ದರಿಂದ ಓದುವವರು ಗೊಂದಲ ಮಾಡಿಕೊಳ್ಳೋದು ಸಹಜ. ಮುಂದೆ ಈ ಆಟದಿಂದಲೇ ಮನೆಮಾತಾದವರು ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಹಾಕುವ ರೂಢಿ ಇದ್ದ ಕಲೆಯಲ್ಲಿ ಒಬ್ಬ ಹೆಣ್ಣುಮಗಳು ಹೆಸರು ಮಾಡಿದ್ದು ಸಣ್ಣ ಮಾತಲ್ಲ.

ಕಥೆಯ ಬೀಜ ಹರಿವಂಶದಲ್ಲಿದೆ. ನಾರದ ಸ್ವರ್ಗದಿಂದ ಒಂದು ಪಾರಿಜಾತದ ಹೂವು ತಂದು ಕೃಷ್ಣನ ಕೈಗೆ ಕೊಡುತ್ತಾನೆ. ಪಕ್ಕದಲ್ಲಿ ರುಕ್ಮಿಣಿ ಇರುತ್ತಾಳೆ, ಕೃಷ್ಣ ಆಕೆಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಮುಗೀತಲ್ಲ! ಭಾಗವತದಲ್ಲಿ ಈ ಜಗಳ ಇಲ್ಲ. ಅಲ್ಲಿ ನರಕಾಸುರನ ವಧೆಯಾದ ಮೇಲೆ ಸತ್ಯಭಾಮೆಯ ಕೂಡ ಸ್ವರ್ಗಕ್ಕೆ ಹೋದ ಕೃಷ್ಣ ಗಿಡವನ್ನೇ ಕಿತ್ತು ತರುತ್ತಾನೆ. ನಮ್ಮ ಆಟದವರು ಬೇಕಂತಲೇ ಜಗಳದ ದಾರಿ ಹಿಡಿದಿದ್ದಾರೆ. ಯುದ್ಧಕ್ಕಿಂತ ಮನಿ ಜಗಳಕ್ಕ ಮಂದಿ ಹೆಚ್ಚು ಕೂಡತಾರ ಅನ್ನೋದು ಅವರಿಗೂ ಗೊತ್ತಿತ್ತು. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ಬರೆದ 'ಪಾರಿಜಾತಾಪಹರಣಮು' ಕಾವ್ಯದಲ್ಲಂತೂ ಸಿಟ್ಟಿಗೆದ್ದ ಸತ್ಯಭಾಮೆ ಕಾಲಿಗೆ ಬಿದ್ದ ಕೃಷ್ಣನ ತಲೆಯನ್ನೇ ಒದೆಯುತ್ತಾಳೆ. ರಾಯನಿಗೂ ರಾಣಿಗೂ ಬಂದ ಮುನಿಸು ಬಿಡಿಸಲಿಕ್ಕೆ ಕವಿ ಅದನ್ನು ಬರೆದ ಅಂತ ಒಂದು ದಂತಕಥೆ. ದಂತಕಥೆ ಖರೆ ಇರಲಿ ಸುಳ್ಳಿರಲಿ, ಹೇಳುವವರಿಗೆ ಪಾರಿಜಾತ ಅಂದರೆ ದೇವರ ಕಥೆ ಆಗಿರಲಿಲ್ಲ, ಮನೆಯ ಕಥೆ ಆಗಿತ್ತು ಅನ್ನೋದು ಇದರಿಂದ ತಿಳೀತದ.

ಆಟ ನಡೆಯುವ ರೀತಿ ನೋಡಿರಿ. ರಾತ್ರಿ ಊಟ ಮುಗಿದ ಮೇಲೆ ಶುರು, ಬೆಳಕು ಹರಿಯೋ ತನಕ. ಒಂದು ಕಡೆ ಹಾರ್ಮೋನಿಯಂ, ತಬಲಾ, ತಾಳ. ಹಾಡು ಮೊದಲು, ಆಮೇಲೆ ಅದೇ ವಿಷಯದ ಮಾತು. ಹಾಡಿನಲ್ಲಿ ಹಿಂದೂಸ್ತಾನಿ ರಾಗದ ವಾಸನೆ, ಮಾತಿನಲ್ಲಿ ನಮ್ಮ ಕಟ್ಟೆಯ ಭಾಷೆ. ಈ ಎರಡರ ನಡುವಿನ ಅಂತರವೇ ನಗೆಯ ಯಂತ್ರ. ಹಾಡಿನಾಗ ದ್ವಾರಕೆಯ ರಾಣಿ ಇದ್ದಾಕಿ ಮಾತಿಗೆ ಇಳಿದ ಕೂಡಲೇ ಪಕ್ಕದ ಓಣಿಯ ಹೆಣ್ಣುಮಗಳು ಆಗಿಬಿಡ್ತಾಳ. ಗ್ಯಾಲವಂಟಿನವರು ಮಾಡಿದ್ದೂ ಇದನ್ನೇ: ರಾಗ ದೊಡ್ಡ ಅರಮನೆಯದು, ಸಾಹಿತ್ಯ ಅಡಿಗೆಮನೆಯದು.

ಇನ್ನು ಭಾಗವತ. ಆತ ಬರೀ ಹಾಡುವವನಲ್ಲ. ರಂಗಕ್ಕೆ ಬಂದವರನ್ನೆಲ್ಲ ಯಾರು, ಎಲ್ಲಿಂದ ಬಂದ್ರಿ, ಯಾಕ ಬಂದ್ರಿ ಅಂತ ವಿಚಾರಿಸುವವನೂ ಅವನೇ. ಸತ್ಯಭಾಮೆಗೆ ಸಿಟ್ಟು ಬಂದಾಗ ಆಕೆ ತನ್ನ ದುಃಖವನ್ನು ಗಾಳಿಗೆ ಹೇಳೋದಿಲ್ಲ, ಭಾಗವತನಿಗೆ ಹೇಳುತ್ತಾಳೆ. ಅವನು ಒಮ್ಮೆ ಆಕೆಯ ಪರ, ಒಮ್ಮೆ ಗಂಡನ ಪರ, ಒಮ್ಮೆ ಎದುರಿಗೆ ಕೂತ ಮಂದಿಯ ಪರ. ನಮ್ಮೂರಲ್ಲಿ ಪಾಲಿನ ಪಂಚಾಯ್ತಿಗೆ ಕೂಡುವ ಹಿರಿಯರು ನೆನಪಾಗ್ತಾರ. ಒಂದೇ ಫರಕು: ಭಾಗವತ ತೀರ್ಪು ಕೊಡೋದಿಲ್ಲ.

ನಾನು ನೋಡಿದ ಆಟದಲ್ಲಿ ಬಾಗಿಲ ಸನ್ನಿವೇಶ ಅರ್ಧ ತಾಸಿಗಿಂತ ಹೆಚ್ಚು ನಡೆದಿತ್ತು. ಸತ್ಯಭಾಮೆ ಅಗಳಿ ಹಾಕಿ ಒಳಗೆ, ಕೃಷ್ಣ ಹೊರಗೆ. ಅವನು ತನ್ನ ಒಂದೊಂದು ಬಿರುದು ಹೇಳಿದಾಗಲೂ ಆಕೆ ಬೇಕಂತಲೇ ತಪ್ಪು ಅರ್ಥ ಮಾಡಿಕೊಂಡು ಬ್ಯಾರೆ ಯಾವನನ್ನೋ ಹೆಸರಿಸ್ತಾಳ. ಜಗತ್ತನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡವನು ಹೆಂಡತಿಯ ಬಾಗಿಲಲ್ಲಿ ತನ್ನ ಗುರುತು ಹೇಳಲಿಕ್ಕೆ ಬೆವರುತ್ತಾನೆ. ಓಟಿಪಿ ಬರದೆ ಲಾಗಿನ್ ಆಗದ ಹಂಗ!

ಇಲ್ಲಿ ನಮ್ಮ ಮನೆಯ ಮಾತು ಹೇಳದೆ ಮುಂದೆ ಹೋಗೋದು ಆಗೋದಿಲ್ಲ. ನಮ್ಮಜ್ಜಗ ಇಬ್ಬರು ಹೆಂಡರು. ಮೊದಲ ಹೆಂಡತಿ ನಮ್ಮ ಆಯಿ. ಮದುವೆಯಾಗಿ ಏಳು ವರ್ಷ ಮಕ್ಕಳಾಗಲಿಲ್ಲ ಅಂತ ಅಜ್ಜ ಇನ್ನೊಬ್ಬಾಕಿನ್ನ ತಂದ. ನಾವು ಆಕೆಯನ್ನು ಸಣ್ಣಾಯಿ ಅಂತೀವಿ. ದೇವರ ಆಟ ನೋಡ್ರಿ, ಮುಂದೆ ಎರಡು ವರ್ಷದಾಗ ಇಬ್ಬರಿಗೂ ಗಂಡುಮಕ್ಕಳು. ಆಯಿಯ ಮಗ ನಮ್ಮಪ್ಪ, ಸಣ್ಣಾಯಿಯ ಮಗ ಕಾಕಾ.

ಆಗಿನ ಕಾಲ ಹಂಗಿತ್ತು ಅಂತ ಎಲ್ಲರೂ ಅಂತಾರ. ಕಾನೂನಂತೂ ಹಂಗಿರಲಿಲ್ಲ. ವಿಜಯಪುರ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಅಲ್ಲಿ 1946ರಲ್ಲೇ ಹಿಂದೂಗಳ ಎರಡನೇ ಮದುವೆಯನ್ನು ನಿಷೇಧಿಸಿದ್ದರು. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ದೇಶಕ್ಕೆಲ್ಲ ತಂದಿತು. ಅಜ್ಜನ ಎರಡನೇ ಮದುವೆ ಅದಾದ ಎಷ್ಟೋ ವರ್ಷಕ್ಕೆ ಆಗಿದ್ದು. ಅಂದ್ರ ಕಾಗದದ ಲೆಕ್ಕದಾಗ ಸಣ್ಣಾಯಿ ಹೆಂಡತಿಯೇ ಅಲ್ಲ. ಕಾಕಾನ ಮಾತು ಬ್ಯಾರೆ. ಅಂಥ ಮದುವೆಯಿಂದ ಹುಟ್ಟಿದ ಮಕ್ಕಳನ್ನು ಕಾನೂನು ತಳ್ಳೋದಿಲ್ಲ. ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಬರುವ ಭಾಗದಲ್ಲೂ ಅವರಿಗೆ ಹಕ್ಕು ಉಂಟು ಅಂತ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಮಗನಿಗೆ ದಾರಿ ಆಯ್ತು, ತಾಯಿಗೆ ಇಲ್ಲ.

ಇದು ತಿಳಿದ ಮೇಲೆ ನನಗೆ ಆ ಹೂವಿನ ಅರ್ಥ ಆಯಿತು. ಸಣ್ಣವನಿದ್ದಾಗ, ಒಂದು ಹೂವಿಗೆ ಇಷ್ಟು ರಂಪ ಯಾಕ, ಇನ್ನೊಂದು ತಂದು ಕೊಟ್ರ ಆಯ್ತಪ್ಪ ಅಂತಿದ್ದೆ. ಹೂವು ಅಂದ್ರ ಹೂವಲ್ಲ, ಉತಾರದಾಗಿನ ಹೆಸರು. ರುಕ್ಮಿಣಿ ಪಟ್ಟದ ರಾಣಿ. ಸತ್ಯಭಾಮೆ ಎಷ್ಟೇ ಪ್ರೀತಿಯವಳಾದರೂ ಪಟ್ಟದವಳಲ್ಲ. ಎಲ್ಲರ ಎದುರು ಹೂವು ಯಾರ ಕೈಗೆ ಹೋಯ್ತು ಅನ್ನೋದರಿಂದ ಮನಿಯಾಗ ಯಾರು ಮೊದಲು ಅನ್ನೋದು ತೀರ್ಮಾನ ಆಗ್ತದ. ಹಂಗಂತ ರುಕ್ಮಿಣಿ ಗೆದ್ದಾಳೇನು? ಆಕೆಗೆ ಹೆಸರು ಅದ, ಗಂಡ ಮಾತ್ರ ದಿನಾ ಇನ್ನೊಂದು ಬಾಗಿಲ ಮುಂದ ನಿಂತಿರ್ತಾನ.

ಇಂಡಿಯವನಿಗೆ ಇಷ್ಟೊತ್ತಿಗೆ ನಿದ್ದಿ ಹಾರಿತ್ತು. "ನಮ್ಮ ಕಡೆ ಇದನ್ನ ಬೀಸುಕಲ್ಲಿನ ಮುಂದ ಹಾಡತಿದ್ರು" ಅಂದ. ಖರೆ. ಅವನ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಸೇರಿ 'ಹಲಸಂಗಿ ಗೆಳೆಯರು' ಅಂತ ಗುಂಪು ಕಟ್ಟಿದ್ದರು. 1931ರಲ್ಲಿ ಬಂದ ಅವರ 'ಗರತಿಯ ಹಾಡು' ಸಂಗ್ರಹದ ತುಂಬ ತವರು, ಅತ್ತೆ, ಗಂಡ, ಮಕ್ಕಳು. ಆದರೆ ಬೀಸುಕಲ್ಲಿನ ಹಾಡು ಹಾಡುವಾಕೆಯ ಎದಿಗೇ ಹೇಳಿಕೊಂಡದ್ದು, ನಸುಕಿನಾಗ. ಪಾರಿಜಾತದಲ್ಲಿ ಅದೇ ಸಂಕಟ ಊರಿನ ನಡುವೆ, ದೀಪದ ಕೆಳಗೆ, ನಗೆಯ ಬಟ್ಟಿ ಹಾಕ್ಕೊಂಡು ಬರ್ತದ. ಕೇಳುವವರಲ್ಲಿ ಗಂಡಸರೂ ಇರ್ತಾರ. ನನಗೆ ಇದು ದೊಡ್ಡ ಫರಕು ಅನ್ನಿಸ್ತದ.

ನಮ್ಮ ಆಯಿ, ಸಣ್ಣಾಯಿ ಮನೆಯಲ್ಲಿ ಒಬ್ಬರಿಗೊಬ್ಬರು ನೇರ ಮಾತಾಡಿದ್ದು ನಾನು ಕೇಳಿಲ್ಲ. "ಅವರಿಗೆ ಹೇಳಪಾ, ಹಿಟ್ಟು ಮುಗದಾವಂತ" ಅಂತ ನಮ್ಮ ಮೂಲಕವೇ ಎಲ್ಲಾ. ನಾವು ಮೊಮ್ಮಕ್ಕಳೇ ರೌಟರ್. ಆದರೆ ಜಾತ್ರೆಯ ಪಾರಿಜಾತಕ್ಕೆ ಮಾತ್ರ ಇಬ್ಬರೂ ಒಂದೇ ಜಮಖಾನದ ಮ್ಯಾಲೆ ಕೂಡತಿದ್ರು, ನಡುವೆ ನಾನು. ಕೃಷ್ಣ ಬಾಗಿಲ ಮುಂದೆ ಬೆವರುವಾಗ ಇಬ್ಬರೂ ಸೆರಗು ಬಾಯಿಗೆ ಒತ್ತಿ ಒಂದೇ ಹೊತ್ತಿಗೆ ನಗೋರು. ಹಿಂದೆ ಗಂಡಸರ ಸಾಲಿನಾಗ ಕೂತ ಅಜ್ಜ ಅಷ್ಟೊತ್ತಿಗೆ ಎದ್ದು ಚಾ ಕುಡಿಯಾಕ ಹೋಗಿರ್ತಿದ್ದ. ಪ್ರತಿ ಸಲ, ಅದೇ ಹೊತ್ತಿಗೆ. ಒಮ್ಮೆ ಆಯಿಯನ್ನು ಕೇಳಿದೆ, ನೀ ರುಕ್ಮಿಣಿ ಕಡೆಯೋ ಸತ್ಯಭಾಮೆ ಕಡೆಯೋ ಅಂತ. "ಇಬ್ಬರದೂ ಏನೂ ತಪ್ಪಿಲ್ಲ ತಗಿ. ಆ ನಾರದಂದೂ ತಪ್ಪಿಲ್ಲ" ಅಂದಳು. ಉಳಿದವನ ಹೆಸರು ಹೇಳಲಿಲ್ಲ.

ಕಥೆಯ ಕೊನೆ ಎಲ್ಲರಿಗೂ ಗೊತ್ತು. ಕೃಷ್ಣ ಇಂದ್ರನ ಕೂಡ ಹೊಡೆದಾಡಿ ಗಿಡವನ್ನೇ ತಂದು ಸತ್ಯಭಾಮೆಯ ಅಂಗಳದಲ್ಲಿ ನೆಡುತ್ತಾನೆ. ಗಿಡ ಬೆಳೆದು ಹೂವು ಮಾತ್ರ ರುಕ್ಮಿಣಿಯ ಅಂಗಳಕ್ಕೆ ಉದುರುತ್ತವೆ ಅಂತ ಜನಪದರು ಸೇರಿಸಿದ್ದಾರೆ. ಇದನ್ನು ಕೃಷ್ಣನ ಜಾಣತನ ಅಂತ ಹೊಗಳೋರು ಇದ್ದಾರೆ. ನನಗೇನೋ ಇದು ಜಾಣತನಕ್ಕಿಂತ ಕೆಟ್ಟ ಮೋಜಣಿ ಅನ್ನಿಸ್ತದ. ನಮ್ಮ ಹೊಲದ ಬದುವಿನ ಮೇಲೆ ಒಂದು ಲಿಂಬಿ ಗಿಡ ಇದೆ. ಪಾಲು ಆದಾಗ ಬೊಡ್ಡಿ ನಮ್ಮ ಕಡೆ ಬಂತು, ಟೊಂಗಿ ಕಾಕಾನ ಕಡೆ. ಕಾಯಿ ಯಾರವು ಅಂತ ಎರಡು ವರ್ಷ ಮಾತು ಬಿಟ್ಟಿದ್ದರು. ಗಿಡ ಕಡಿದರೆ ಬಗೆಹರೀತಿತ್ತು, ಯಾರೂ ಕಡಿಯಲಿಲ್ಲ.

ಕಳೆದ ಮೂರು ಜಾತ್ರೆಯಿಂದ ನಮ್ಮೂರಲ್ಲಿ ಪಾರಿಜಾತ ಇಲ್ಲ. ಹುಡುಗರಿಗೆ ಆರ್ಕೆಸ್ಟ್ರಾ ಬೇಕಾಯ್ತು. ನಾನೂ ಅದರಲ್ಲಿ ಕುಣಿದವನೇ, ಸುಳ್ಳು ಯಾಕ ಹೇಳಲಿ. ಆದರೆ ಡಿಜೆ ಮುಂದೆ ಜಮಖಾನ ಹಾಸೋ ರೂಢಿ ಇಲ್ಲ. ಅಜ್ಜ ತೀರಿಹೋದ ಮೇಲೆ ಆಯಿ ಒಂದು ಮನೆಯಲ್ಲಿ, ಸಣ್ಣಾಯಿ ಎರಡು ಮನೆ ಆಚೆ. ಹಿಟ್ಟಿನ ಸುದ್ದಿ ಒಯ್ಯಲಿಕ್ಕೂ ಈಗ ಯಾರಿಲ್ಲ, ನಾವೆಲ್ಲಾ ಹಾಸ್ಟೆಲ್ ಸೇರಿದ್ದೀವಿ.

ಈ ಸಲ ನಾನು ಮತ್ತು ಕಾಕಾನ ಮಗ ಇಬ್ಬರೂ ಸೇರಿ ಪಟ್ಟಿ ಎತ್ತಾಕ ಹತ್ತೀವಿ. ಆರ್ಕೆಸ್ಟ್ರಾ ಒಂದು ರಾತ್ರಿ ಇರಲಿ, ಪಾರಿಜಾತ ಒಂದು ರಾತ್ರಿ ಇರಲಿ ಅಂತ ಜಾತ್ರಿ ಕಮಿಟಿಯವರಿಗೆ ಹೇಳಿದ್ದಾಯ್ತು. ಇಲ್ಲಿತನಕ ಹನ್ನೊಂದು ಸಾವಿರ ಕೂಡಿದೆ. ಸಿಂದಗಿಯವ ಐದುನೂರು ಕೊಟ್ಟ, ಬಾಗೇವಾಡಿಯವ ಮುಂದಿನ ತಿಂಗಳು ಅಂದ. ಇಂಡಿಯವ ರೊಕ್ಕ ಕೊಡಲಿಲ್ಲ, ಜಮಖಾನ ತರ್ತೀನಿ ಅಂದಾನ.