ಕಡತದ ನಕಲು ಕೇಳುವುದು ನಮ್ಮ ಹಕ್ಕು

ಬಗರ್ ಹುಕುಂ ಸಕ್ರಮಕ್ಕೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದಿರುವ ಸಣ್ಣ ಬೆಳೆಗಾರರು ಮಲೆನಾಡಿನಲ್ಲಿ ಅನೇಕರಿದ್ದಾರೆ. ತಾಲ್ಲೂಕು ಕಚೇರಿಗೆ ಹೋದರೆ ‘ಕಡತ ಮೇಲಕ್ಕೆ ಹೋಗಿದೆ, ಮುಂದಿನ ವಾರ ಬನ್ನಿ’ ಎಂಬ ಉತ್ತರ. ಕೊಯ್ಲಿನ ಕಾಲದಲ್ಲಿ ಇಂಥ ಅಲೆದಾಟಕ್ಕೆ ಬಿಡುವೆಲ್ಲಿ?

ಇದಕ್ಕೆ ಉಪಾಯವುಂಟು. ಕರ್ನಾಟಕವು 2000ರಲ್ಲೇ ಮಾಹಿತಿ ಹಕ್ಕಿನ ಕಾನೂನು ಮಾಡಿತ್ತು. 2005ರಿಂದ ಕೇಂದ್ರದ ಅಧಿನಿಯಮ ಜಾರಿಯಲ್ಲಿದೆ. ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಏಕೆ ಬೇಕೆಂದು ಹೇಳಬೇಕಾಗಿಲ್ಲ.

ಆದರೆ ಕೇಳುವ ರೀತಿ ತಿಳಿದಿರಬೇಕು. ‘ನನ್ನ ಕೆಲಸ ಏಕೆ ತಡವಾಯಿತು?’ ಎಂದರೆ ಜಾರಿಕೊಳ್ಳಲು ಅವಕಾಶವುಂಟು. ಈ ಕಾನೂನು ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. ಬದಲಿಗೆ ‘ಇಂಥ ದಿನಾಂಕದ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆ, ಸರ್ವೆ ವರದಿ, ಸಮಿತಿಯ ನಡವಳಿ, ಇವುಗಳ ದೃಢೀಕೃತ ನಕಲು ಕೊಡಿ’ ಎಂದು ಬರೆಯಿರಿ. ಕಡತ ಯಾರ ಮೇಜಿನಲ್ಲಿ ನಿಂತಿದೆಯೆಂಬುದು ಟಿಪ್ಪಣಿ ಹಾಳೆಯಿಂದಲೇ ತಿಳಿದೀತು.

ಉತ್ತರ ಬಾರದಿದ್ದರೆ ಅವಧಿ ಮುಗಿದ 30 ದಿನಗಳೊಳಗೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ನಕಲು ಸಿಕ್ಕ ಮಾತ್ರಕ್ಕೆ ಜಮೀನು ಮಂಜೂರಾಗದು. ಆದರೆ ಯಾವ ಬಾಗಿಲು ತಟ್ಟಬೇಕೆಂಬುದು ಗೊತ್ತಾಗುತ್ತದೆ. ಅರ್ಜಿಯ ಸ್ವೀಕೃತಿಯನ್ನು ಮಾತ್ರ ಜೋಪಾನವಾಗಿಡಿ.