ಸ್ನಾನಗೃಹದ ನವೀಕರಣ: ಮಿತವ್ಯಯದಲ್ಲಿ ಆದ್ಯತೆಯ ಪ್ರಶ್ನೆ

ವ್ಯಾಪಾರದಲ್ಲಿ ಪ್ರತಿ ಪೈಸೆಗೂ ಲೆಕ್ಕವಿಡುವ ನಾವು ಕಟ್ಟಡದ ದುರಸ್ತಿಗೆ ಕೈಹಾಕಿದಾಗ ಮಾತ್ರ ಅಂದಾಜು ಪಟ್ಟಿಯನ್ನೂ ಸಿದ್ಧಪಡಿಸದೆ ಮುಂದುವರಿಯುತ್ತೇವೆ. ಈ ಮಾತಿಗೆ ಲೇಖಕನೂ ಹೊರತಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮಹಡಿಯ ಸ್ನಾನಗೃಹವನ್ನು ನವೀಕರಿಸಿದಾಗ ಹಣದ ಬಹುಪಾಲು ಹೊಳೆಯುವ ಟೈಲ್ಸ್ ಹಾಗೂ ನಲ್ಲಿಗಳಿಗೆ ಸಂದಿತು. ಜಲನಿರೋಧಕ ಲೇಪನವನ್ನು ಅನಗತ್ಯವೆಂದು ಕೈಬಿಟ್ಟೆ. ಎರಡು ವರ್ಷ ತುಂಬುವ ಮೊದಲೇ ಕೆಳಗಿನ ಕೋಣೆಯ ಛಾವಣಿಯಲ್ಲಿ ತೇವದ ಕಲೆ ಮೂಡಿತು. ಹೊಸ ನೆಲವನ್ನು ಒಡೆಯದೆ ಗತ್ಯಂತರವಿರಲಿಲ್ಲ. ಉಳಿಸಿದ್ದು ಕೆಲವೇ ಸಾವಿರ. ತೆತ್ತದ್ದು ನೆಲದ ಕೆಲಸದ ಪೂರ್ಣ ವೆಚ್ಚ, ಮತ್ತೊಮ್ಮೆ.

ಈ ಅನುಭವದ ಸಾರ ಇಷ್ಟೇ: ಹಣ ಮಿತವಾಗಿದ್ದಾಗ ಕಣ್ಣಿಗೆ ಕಾಣದ ಕೆಲಸಕ್ಕೆ ಮೊದಲು ಹಣ ಮೀಸಲಿಡಬೇಕು, ಕಾಣುವುದರಲ್ಲಿ ಉಳಿತಾಯ ಮಾಡಬೇಕು.

ಕಡಿತಗೊಳಿಸಬಾರದ ವೆಚ್ಚಗಳು

ತುಕ್ಕು ಹಿಡಿದ ಹಳೆಯ ಕಬ್ಬಿಣದ ಕೊಳವೆಗಳನ್ನು ಉಳಿಸಿಕೊಂಡು ಅವುಗಳ ಮೇಲೆ ಹೊಸ ಟೈಲ್ಸ್ ಹಾಕಿಸುವುದು ವಿವೇಕವಲ್ಲ. ಬಿಸಿನೀರಿಗೆ ಸಿಪಿವಿಸಿ ಕೊಳವೆಯೇ ಬೇಕು. ತಣ್ಣೀರಿನ ಸಾಧಾರಣ ಪಿವಿಸಿ ಕೊಳವೆ ಶಾಖವನ್ನು ತಾಳದು. ಗೋಡೆಯನ್ನು ಮುಚ್ಚುವ ಮೊದಲು ಕೊಳವೆಗಳ ಒತ್ತಡ ಪರೀಕ್ಷೆ ನಡೆಯಲಿ. ಜಲನಿರೋಧಕ ಲೇಪನ ನೆಲದೊಡನೆ ಗೋಡೆಯ ಮೇಲೆಯೂ ಕನಿಷ್ಠ ಒಂದು ಅಡಿ ಏರಬೇಕು. ಸ್ನಾನ ಮಾಡುವ ಭಾಗದಲ್ಲಿ ಆರು ಅಡಿ ಲೇಸು. ಲೇಪನ ಒಣಗಿದ ಬಳಿಕ ನೆಲದಲ್ಲಿ 24 ಗಂಟೆಗಳಿಗೆ ಕಡಿಮೆಯಿಲ್ಲದಂತೆ ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲಷ್ಟೇ ಟೈಲ್ಸ್ ಕೆಲಸ ಆರಂಭವಾಗಲಿ. ನೀರು ಹರಿದುಹೋಗಲು ನೆಲಕ್ಕೆ ಮೀಟರಿಗೆ ಸುಮಾರು 10ರಿಂದ 15 ಮಿಲಿಮೀಟರ್ ಇಳಿಜಾರು ಅವಶ್ಯಕ. ನೆಲಕ್ಕೆ ಜಾರದ ಟೈಲ್ಸನ್ನೇ ಬಳಸಬೇಕು. ಮನೆಯಲ್ಲಿ ವೃದ್ಧರಿದ್ದರೆ ಇಲ್ಲಿ ಉಳಿಸಿದ ಹಣ ಆಸ್ಪತ್ರೆಗೆ ಸಲ್ಲುವ ಸಂಭವವುಂಟು.

ಉಳಿತಾಯದ ಮಾರ್ಗಗಳು

ಮೊದಲನೆಯದಾಗಿ, ಕಮೋಡ್ ಹಾಗೂ ನೀರು ಹೊರಹೋಗುವ ಸ್ಥಾನಗಳನ್ನು ಬದಲಿಸಬೇಡಿ. ಸ್ಥಾನ ಬದಲಾದೊಡನೆ ನೆಲ ಅಗೆತ, ಹೊಸ ಕೊಳವೆ, ಹೆಚ್ಚುವರಿ ಕೂಲಿ ಒಂದರ ಹಿಂದೊಂದು ಬರುತ್ತವೆ. ಗೋಡೆಯಿಂದ ಹಳೆಯ ಕೊಳವೆಯ ಮಧ್ಯಬಿಂದುವಿನವರೆಗಿನ ಅಂತರವನ್ನು ಅಳೆದುಕೊಂಡೇ ಹೊಸ ಕಮೋಡ್ ಖರೀದಿಸಿರಿ.

ಎರಡನೆಯದಾಗಿ, ಗೋಡೆಯ ಟೈಲ್ಸ್. 5 ಅಡಿ ಅಗಲ, 8 ಅಡಿ ಉದ್ದದ ಸ್ನಾನಗೃಹದಲ್ಲಿ ಎರಡೂವರೆ ಅಡಿ ಬಾಗಿಲನ್ನು ಕಳೆದು, ನಾಲ್ಕೂ ಗೋಡೆಗೆ 7 ಅಡಿ ಎತ್ತರ ಹಾಕಿಸಿದರೆ ಸುಮಾರು 165 ಚದರಡಿ ಬೇಕು. ಸ್ನಾನದ ಭಾಗದ 11 ಅಡಿ ಗೋಡೆಗೆ ಮಾತ್ರ 7 ಅಡಿ, ಉಳಿದೆಡೆ 4 ಅಡಿ ಎತ್ತರವಾದರೆ 127 ಚದರಡಿ ಸಾಕು. ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗ, ಕೂಲಿಯೊಡನೆ, ಉಳಿಯಿತು. ತುಂಡಾಗುವ ಲೆಕ್ಕಕ್ಕೆ ಶೇ. 10ರಷ್ಟು ಹೆಚ್ಚು ತನ್ನಿರಿ. ತರುವಾಯ ಅದೇ ಬಣ್ಣ ದೊರೆಯುವ ಭರವಸೆಯಿಲ್ಲ.

ಮೂರನೆಯದಾಗಿ, ಕರಾರು. ಕೆಲಸದ ಬಾಬುಗಳನ್ನೂ ದರಗಳನ್ನೂ ಬರವಣಿಗೆಯಲ್ಲಿ ಪಡೆಯಿರಿ. ಹಣವನ್ನು ಹಂತಹಂತವಾಗಿ ಪಾವತಿಸಿ, ಕೊನೆಯ ಕಂತನ್ನು ಒಂದು ತಿಂಗಳ ಬಳಕೆಯ ನಂತರ ನೀಡುವ ಷರತ್ತಿರಲಿ. ಹಳೆಯ ಗೋಡೆಯನ್ನು ಒಡೆದಾಗ ಏನು ಹೊರಬೀಳುವುದೆಂದು ಯಾರೂ ಹೇಳಲಾರರು. ಆದುದರಿಂದ ಅಂದಾಜಿನ ಶೇ. 15ರಷ್ಟನ್ನು ಬೇರೆಯಾಗಿಯೇ ತೆಗೆದಿರಿಸುವುದು ಕ್ಷೇಮ.

ಲೆಕ್ಕಪತ್ರದ ವಿಚಾರ

ವಾಸದ ಮನೆಯ ಸ್ನಾನಗೃಹದ ವೆಚ್ಚ ಸ್ವಂತ ವೆಚ್ಚವೇ. ಅಂಗಡಿಯ ಖಾತೆಯಿಂದ ಪಾವತಿಸಿದ್ದರೆ ಅದನ್ನು ಮಾಲೀಕರ ಹಿಂತೆಗೆತವೆಂದು ತೋರಿಸಬೇಕು. ಅದರ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ದೊರೆಯದು.

ಅಂಗಡಿ ಅಥವಾ ಕಾರ್ಖಾನೆಯ ಶೌಚಾಲಯದ ವಿಷಯ ಬೇರೆ. ಇರುವುದನ್ನು ಸುಸ್ಥಿತಿಯಲ್ಲಿಡುವ ದುರಸ್ತಿ ರಾಜಸ್ವ ವೆಚ್ಚ. ಹೊಸದಾಗಿ ಕಟ್ಟಿಸಿದ್ದು ಬಂಡವಾಳ ವೆಚ್ಚ. ಇಂಥ ಕಟ್ಟಡಕ್ಕೆ ಸವಕಳಿ ಸಾಮಾನ್ಯವಾಗಿ ಶೇ. 10. 1961ರ ಆದಾಯ ತೆರಿಗೆ ಕಾಯಿದೆಯ ಈ ತತ್ತ್ವವು 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲಿಯೂ ಉಳಿದಿದೆ. ಜಿ.ಎಸ್.ಟಿ.ಯಲ್ಲಿಯೂ ಇದೇ ವಿಂಗಡಣೆ ಮುಖ್ಯ: ಕಟ್ಟಡದ ದುರಸ್ತಿ ವೆಚ್ಚವನ್ನು ಬಂಡವಾಳವಾಗಿ ತೋರಿಸಿದಷ್ಟು ಭಾಗಕ್ಕೆ ತೆರಿಗೆ ಜಮೆ ಇಲ್ಲ. ಟೈಲ್ಸಿಗೂ, 2025ರ ಸೆಪ್ಟೆಂಬರ್ 22ರ ಇಳಿಕೆಯ ನಂತರ ಸಿಮೆಂಟಿಗೂ ತೆರಿಗೆ ಶೇ. 18 ಇರುವುದರಿಂದ ಈ ಜಮೆ ಅಲ್ಪವಲ್ಲ. ರಾಜಿ ತೆರಿಗೆ ಪದ್ಧತಿಯವರಿಗೆ ಇದು ಲಭ್ಯವಿಲ್ಲ. ಒಬ್ಬರಿಗೆ ಒಂದೇ ದಿನ ರೂ. 10,000ಕ್ಕೆ ಮೀರಿ ನಗದು ನೀಡಿದರೆ, ಆ ವೆಚ್ಚವನ್ನು ಆದಾಯದಿಂದ ಕಳೆಯಲು ಸಾಮಾನ್ಯವಾಗಿ ಅವಕಾಶವಿಲ್ಲ ಎಂಬುದೂ ನೆನಪಿರಲಿ.

ಬಿಲ್ಲಿಲ್ಲದೆ ಕೊಂಡರೆ ಅಗ್ಗವೆಂಬ ಸಲಹೆ ಬರುವುದುಂಟು. ಬಿಲ್ಲಿಲ್ಲದ ನಲ್ಲಿ ಸೋರಿದಾಗ ಖಾತರಿಯೂ ಇಲ್ಲ, ಖರ್ಚಿಗೆ ಆಧಾರವೂ ಇಲ್ಲ. ವ್ಯಾಪಾರದಲ್ಲಿ ನಾವು ಒಪ್ಪದ ವ್ಯವಹಾರವನ್ನು ಮನೆಯಲ್ಲಿಯೂ ಒಪ್ಪದಿರುವುದೇ ನಿಜವಾದ ಮಿತವ್ಯಯ.