ಬೇಲಿಯ ಮೇಲಿನ ತೂಗುಕುಂಡ

ಮೈಸೂರಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿ, ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ, ಸೋಮನಾಥಪುರವೆಂಬ ಗ್ರಾಮವುಂಟು. ಅಲ್ಲಿಯ ಕೇಶವ ದೇವಾಲಯವನ್ನು ಕಾಣಹೋದವರು ಹೊರಗೋಡೆಯ ಆನೆ ಕುದುರೆಗಳ ಸಾಲನ್ನೂ ಬಳ್ಳಿಯ ಪಟ್ಟಿಕೆಯನ್ನೂ ನೋಡಿ ಮೆಚ್ಚಿ, ಒಳಗೆ ಕಾಲಿಟ್ಟೊಡನೆ ತಲೆಯೆತ್ತುತ್ತಾರೆ. ಭುವನೇಶ್ವರಿಗಳೆಂದು ಕರೆಯುವ ಮೇಲ್ಛಾವಣಿಯ ಅಂಕಣಗಳಲ್ಲಿ ಕಲ್ಲಿನ ಕಮಲಗಳೂ ಬಾಳೆಹೂವುಗಳೂ ಕೆಳಮುಖವಾಗಿ ತೂಗುತ್ತಿವೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 1268ರಲ್ಲಿ ಈ ಗುಡಿಯನ್ನು ಕಟ್ಟಿಸಿದನು. ಅಂದಿನಿಂದ ಈ ಹೂಗಳಿಗೆ ಯಾರೂ ಒಂದು ಚೊಂಬು ನೀರೆರೆದಿಲ್ಲ. ಅವು ಬಾಡಿಯೂ ಇಲ್ಲ.

ಜೀವವುಳ್ಳ ಹೂವನ್ನು ತೂಗುಹಾಕುವವರಿಗೆ ಈ ಭಾಗ್ಯವಿಲ್ಲ. ಅದೇ ಊರಿನಲ್ಲಿರುವ ನಮ್ಮ ಸೋದರತ್ತೆಯವರ ಹಿತ್ತಲಿನಲ್ಲಿ ಬಿದಿರಿನ ಬೇಲಿಯ ಉದ್ದಕ್ಕೂ ಮಣ್ಣಿನ ಕುಡಿಕೆ, ಹಳೆಯ ಎಣ್ಣೆಯ ಡಬ್ಬ, ದೊಡ್ಡ ತೆಂಗಿನ ಕರಟ ಮುಂತಾದವು ತಂತಿಯಿಂದ ತೂಗುತ್ತಿದ್ದವು. ಒಂದೊಂದರಲ್ಲಿಯೂ ಒಂದೊಂದು ಬಣ್ಣದ ಹೂವು. ನೆಲದಲ್ಲಿ ನೆಟ್ಟರೆ ಆಡು ಮೇಯುತ್ತದೆ, ಕೋಳಿ ಕೆದಕುತ್ತದೆ; ಆದುದರಿಂದ ಹೂವು ಬೇಲಿಯನ್ನೇರಿತು. ಅದನ್ನು ಕಂಡು ಆಸೆಪಟ್ಟ ನಾವು ಮೈಸೂರಿಗೆ ಹಿಂದಿರುಗಿ ನಮ್ಮ ಬೇಲಿಗೂ ಹತ್ತು ಕುಂಡಗಳನ್ನು ಕಟ್ಟಿದೆವು. ಅರ್ಧ ಕೆಮ್ಮಣ್ಣು, ಅರ್ಧ ಎಲೆಗೊಬ್ಬರ ತುಂಬಿ, ಸಂಜೆ ತಪ್ಪದೆ ನೀರು ಹಾಕಿದೆವು. ಏಪ್ರಿಲ್ ತಿಂಗಳು ಮುಗಿಯುವುದರೊಳಗೆ ನಾಲ್ಕು ಕುಂಡಗಳ ಗಿಡಗಳು ಸುಟ್ಟಂತೆ ಒಣಗಿದವು. ನೀರು ಹಾಕಿದರೂ ಬಾಯಾರಿ ಸತ್ತ ಗಿಡಗಳು!

ತೂಗುವ ಕುಂಡಕ್ಕೆ ದಾಹ ಹೆಚ್ಚೆಂಬುದು ಲೆಕ್ಕದಿಂದಲೇ ತಿಳಿಯುತ್ತದೆ. 20 ಸೆಂಟಿಮೀಟರು ವ್ಯಾಸ, ಅಷ್ಟೇ ಆಳವುಳ್ಳ ಒಂದು ನೇರವಾದ ಕುಂಡವನ್ನು ಭಾವಿಸಿಕೊಳ್ಳಿರಿ. ಅದನ್ನು ಕಂಠದವರೆಗೆ ನೆಲದಲ್ಲಿ ಹೂತರೆ ಗಾಳಿಗೆ ತೆರೆದಿರುವುದು ಮೇಲ್ಮೈಯ 314 ಚದರ ಸೆಂಟಿಮೀಟರು ಮಾತ್ರ. ಅದನ್ನೇ ತೂಗುಹಾಕಿದರೆ ತಳವೂ ಸುತ್ತಿನ ಗೋಡೆಯೂ ಸೇರಿ 1,885 ಚದರ ಸೆಂಟಿಮೀಟರಾಗುತ್ತದೆ. ಎಂದರೆ ಆರು ಪಟ್ಟು. ಇನ್ನು ಕುಂಡದ ಅಳತೆಗಳನ್ನೆಲ್ಲ ಅರ್ಧಕ್ಕಿಳಿಸಿದರೆ ಮೈ ಕಾಲುಭಾಗವಾಗುತ್ತದೆ, ಆದರೆ ಹಿಡಿಯುವ ಮಣ್ಣು ಎಂಟರಲ್ಲೊಂದು ಭಾಗಕ್ಕಿಳಿಯುತ್ತದೆ. ಮಣ್ಣಿನ ಪ್ರಮಾಣಕ್ಕೆ ಹೋಲಿಸಿದರೆ ಚಿಕ್ಕ ಕುಂಡದ ಮೈ ಎರಡರಷ್ಟು. ಕರಟದಲ್ಲಿಟ್ಟ ಗಿಡ ಮಧ್ಯಾಹ್ನದೊಳಗೆ ಸೋಲುವುದು ಇದರಿಂದಲೇ.

ಆದರೆ ನಮ್ಮ ಗಿಡಗಳು ಸತ್ತುದಕ್ಕೆ ಇದೊಂದೇ ಕಾರಣವಾಗಿರಲಿಲ್ಲ. ಅತ್ತೆಯವರು ಮೈಸೂರಿಗೆ ಬಂದಾಗ ಒಣಗಿದ ಕುಂಡಗಳನ್ನು ತೋರಿಸಿ, ದಿನವೂ ನೀರು ಹಾಕಿದೆವೆಂದು ದೂರು ಹೇಳಿಕೊಂಡೆವು. ಅವರು ಕೇಳಿದ್ದು ಒಂದೇ ಮಾತು: “ಎತ್ತಿ ನೋಡಿದೆಯೇನಪ್ಪಾ?” ಕುಂಡದ ತಳಕ್ಕೆ ಅಂಗೈ ಕೊಟ್ಟು ಮೆಲ್ಲನೆ ಎತ್ತಿದರು. ಆಗತಾನೆ ನೀರು ಹಾಕಿದ್ದ ಆ ಕುಂಡ ಹತ್ತಿಯ ಮೂಟೆಯಂತೆ ಹಗುರವಾಗಿತ್ತು.

ಎಲೆಗೊಬ್ಬರ ಬೆರೆತ ಮಣ್ಣು ಒಮ್ಮೆ ಪೂರ್ತಿಯಾಗಿ ಒಣಗಿದರೆ, ಅದರ ಕಣಗಳ ಮೇಲಿನ ಜಿಡ್ಡಿನಂಥ ಸಾವಯವ ಪದಾರ್ಥಗಳು ನೀರನ್ನು ಹತ್ತಿರ ಸೇರಿಸುವುದಿಲ್ಲ. ಮಣ್ಣಿನ ಗಟ್ಟಿ ಕುಗ್ಗಿ ಕುಂಡದ ಗೋಡೆಯಿಂದ ಬೇರೆಯಾಗುತ್ತದೆ. ಮೇಲಿನಿಂದ ಹಾಕಿದ ನೀರು ಆ ಸಂದಿನಲ್ಲಿ ಇಳಿದು ತಳದ ರಂಧ್ರದಿಂದ ಸುರಿದುಹೋಗುತ್ತದೆ. ನೀರು ತೊಟ್ಟಿಕ್ಕುವುದನ್ನು ಕಂಡು ನಾವು ಮಣ್ಣು ತೊಯ್ದಿತೆಂದು ಭ್ರಮಿಸಿದ್ದೆವು. ಇಂಥ ಕುಂಡವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆಗಳು ಏಳುವುದು ನಿಲ್ಲುವವರೆಗೆ ಬಿಡಬೇಕು. ಉಳಿದ ಆರನ್ನು ಹೀಗೆಯೇ ಉಳಿಸಿಕೊಂಡೆವು.

ಕನ್ನಡದಲ್ಲಿ ತೂಗು ಎಂಬ ಒಂದೇ ಧಾತುವಿಗೆ ಜೋತಾಡುವುದೆಂಬ ಅರ್ಥವೂ ಭಾರವನ್ನು ಅಳೆಯುವುದೆಂಬ ಅರ್ಥವೂ ಇವೆ. ಬೇಲಿಯ ಕುಂಡಕ್ಕೆ ಎರಡೂ ಸಲ್ಲುತ್ತವೆ. ನೆಲದಲ್ಲಿರುವ ಗಿಡವನ್ನು ತೂಗಲಾಗದು. ಕೊಕ್ಕೆಯಲ್ಲಿರುವ ಗಿಡವನ್ನು ದಿನವೂ ತೂಗಬಹುದು. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಎಲೆಗಳ ಪತ್ರರಂಧ್ರಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಒಂದು ದಿನದಲ್ಲಿ ಗಿಡವು ಬೆಳೆದು ಹೆಚ್ಚಿಸಿಕೊಳ್ಳುವ ತೂಕ ಅತ್ಯಲ್ಪ. ಆದ್ದರಿಂದ ಕುಂಡದ ತೂಕದಲ್ಲಿ ಇಳಿದದ್ದೆಲ್ಲವೂ ನೀರೆಂದೇ ಎಣಿಸಬಹುದು.

ಈ ಉಪಾಯವನ್ನು ವಿಜ್ಞಾನಕ್ಕೆ ತಂದವನು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. 1724ರ ಬೇಸಗೆಯಲ್ಲಿ ಅವನು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವೊಂದನ್ನು ಕುಂಡದಲ್ಲಿ ಬೆಳೆಸಿ, ಮಣ್ಣಿನಿಂದ ನೇರವಾಗಿ ಆವಿ ಹೋಗದಂತೆ ಸೀಸದ ತೆಳುತಗಡಿನಿಂದ ಬಾಯಿ ಮುಚ್ಚಿ, ಬೆಳಗ್ಗೆ ಸಂಜೆ ತೂಗಿದನು. ಹನ್ನೆರಡು ಗಂಟೆಗಳ ಹಗಲಿನಲ್ಲಿ ಸರಾಸರಿ ಒಂದು ಪೌಂಡು ನಾಲ್ಕು ಔನ್ಸು, ಎಂದರೆ ಸುಮಾರು 570 ಗ್ರಾಂ ನೀರು ಹೋಗುತ್ತಿತ್ತು. ಇಬ್ಬನಿಯಿಲ್ಲದ ಬೆಚ್ಚನೆಯ ರಾತ್ರಿಯಲ್ಲಿ ಹೋದದ್ದು ಮೂರು ಔನ್ಸು ಮಾತ್ರ. ಅಷ್ಟಕ್ಕೇ ಬಿಡದೆ ಅವನು ಗಿಡವನ್ನು ಬುಡಕ್ಕೆ ಕತ್ತರಿಸಿ, ಮೋಟನ್ನು ಮೆತ್ತಿ ಮುಚ್ಚಿ, ಬರಿಯ ಕುಂಡವನ್ನು ತೂಗಿದನು. ಮಣ್ಣಿನ ಕುಂಡದ ಗೋಡೆಯಿಂದಲೇ ಹಗಲಿಗೆ ಎರಡು ಔನ್ಸು ನೀರು ಬೆವರುತ್ತಿದ್ದುದು ಗೊತ್ತಾಯಿತು. ಈ ಪ್ರಯೋಗಗಳೆಲ್ಲ 1727ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿವೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಬೇಕಾದುದು ಒಂದು ಸ್ಪ್ರಿಂಗ್ ತ್ರಾಸು. ಸಂಜೆ ಕುಂಡವನ್ನು ಚೆನ್ನಾಗಿ ನೆನೆಸಿ, ತೊಟ್ಟಿಕ್ಕುವುದು ನಿಂತ ಮೇಲೆ ತೂಗಿ ಬರೆದುಕೊಳ್ಳಿರಿ. ಇದು ಅದರ ಪೂರ್ಣಭಾರ. ಮರುದಿನ ಅದೇ ವೇಳೆಗೆ ಮತ್ತೆ ತೂಗಿರಿ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ ಆಗಿರುವುದರಿಂದ, 350 ಗ್ರಾಂ ಇಳಿದಿದ್ದರೆ ಬೇಕಾದ ನೀರು 350 ಮಿಲಿಲೀಟರು. ಹೆಚ್ಚು ಹಾಕಿದ್ದು ನೆಲದ ಪಾಲು. ಬೇಸಗೆಯಲ್ಲಿ ಕೊಡ ಹೊತ್ತು ತರುವವರಿಗೆ ಈ ಲೆಕ್ಕ ಸಣ್ಣದಲ್ಲ. ನಡುಹಗಲಲ್ಲಿ ಎಲೆ ಜೋತುಬಿದ್ದ ಮಾತ್ರಕ್ಕೆ ನೀರಿಗೆ ಓಡಬೇಕಾಗಿಲ್ಲ. ಬೇರು ಹೀರುವುದಕ್ಕಿಂತ ಬೇಗನೆ ಎಲೆ ಬೆವರಿದಾಗ, ಮಣ್ಣು ತೇವವಾಗಿದ್ದರೂ ಗಿಡ ಬಾಡುತ್ತದೆ. ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ. ಆಷಾಢದ ಗಾಳಿಯನ್ನು ಮಾತ್ರ ನಂಬಬೇಡಿರಿ. ಆಕಾಶ ಮೋಡ ಕವಿದಿದ್ದರೂ ಆ ಗಾಳಿಯು ಎಲೆಯ ಸುತ್ತಲಿನ ತೇವದ ಪದರವನ್ನು ಹೊಡೆದುಕೊಂಡು ಹೋಗಿ ಕುಂಡವನ್ನು ಬರಿದುಮಾಡಬಲ್ಲುದು.

ನೀರು ಹೆಚ್ಚಾದರೂ ಕೇಡೇ. ಬೇರಿಗೆ ಉಸಿರಾಡಲು ಆಮ್ಲಜನಕ ಬೇಕು. ಅದು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಇದಕ್ಕೆ ಹೆದರಿ ಅನೇಕರು ಕುಂಡದ ತಳಕ್ಕೆ ಜಲ್ಲಿ ಹಾಕುತ್ತಾರೆ. ನಾವೂ ಒಂದಕ್ಕೆ ಹಾಕಿದ್ದೆವು. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿರಿ: ಇನ್ನಷ್ಟು ನೀರು ಸುರಿಯುತ್ತದೆ. ಸೂಕ್ಷ್ಮರಂಧ್ರಗಳು ತಮ್ಮ ಆಕರ್ಷಣೆಯಿಂದ ತಳದಲ್ಲಿ ಒಂದು ನಿಯತವಾದ ಎತ್ತರದವರೆಗೆ ನೀರನ್ನು ಹಿಡಿದಿಡುತ್ತವೆ. ಸ್ಪಂಜು ಎತ್ತರವಾದಷ್ಟೂ ಆ ತೇವದ ಪದರದ ಪಾಲು ಕಡಿಮೆ. ಮಣ್ಣಿನಲ್ಲಿಯೂ ಹೀಗೆಯೇ. ಜಲ್ಲಿಯ ದೊಡ್ಡ ಸಂದುಗಳು ಮೇಲಿನ ಮಣ್ಣಿನಿಂದ ನೀರನ್ನು ಸೆಳೆಯಲಾರವು. ಜೌಗಿನ ಪದರ ಜಲ್ಲಿಯ ಮೇಲೆಯೇ ನಿಂತು, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಲ್ಲಿಗಿಂತ ಆಳವಾದ ಕುಂಡ ಮೇಲು.

ಮಣ್ಣಿನ ಕುಂಡ ಹೂಜಿಯಂತೆ ಬೆವರಿ ಬೇರನ್ನು ತಂಪಾಗಿಡುತ್ತದೆ, ನೀರನ್ನೂ ತಿನ್ನುತ್ತದೆ. ತಗಡಿನ ಡಬ್ಬ ನೀರನ್ನು ಉಳಿಸುತ್ತದೆ, ಬಿಸಿಲಿಗೆ ಕಾಯುತ್ತದೆ. ಪಡುವಣ ಬಿಸಿಲು ಬೀಳುವ ಬೇಲಿಗೆ ಹತ್ತು ಗಂಟೆಯ ಹೂವನ್ನು ಬಿಟ್ಟರೆ ಬೇರೆ ಗಿಡವಿಲ್ಲವೆಂಬುದು ನಮ್ಮ ಮತ. ಗೋಣಿಸೊಪ್ಪಿನ ಹತ್ತಿರದ ಬಂಧುವಾದ ಇದು ನೀರಿಗೆ ಬಡತನ ಬಂದಾಗ ಹಗಲೆಲ್ಲ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಆಹಾರ ತಯಾರಿಕೆಗೆ ಬಳಸಬಲ್ಲುದು. ಎರಡನೆಯ ಸ್ಥಾನ ಮಡಗಾಸ್ಕರದಿಂದ ಬಂದ ನಿತ್ಯಪುಷ್ಪಕ್ಕೆ. ಅದರ ಎಲೆ ವಿಷಯುಕ್ತವಾದ್ದರಿಂದ ಆಡೂ ಬಾಯಿಡದು.

ಬೇಲಿಯ ಶಕ್ತಿಯನ್ನೂ ಮರೆಯಬಾರದು. ಮೇಲೆ ಹೇಳಿದ ಕುಂಡ ಸುಮಾರು ಆರು ಲೀಟರು ಹಿಡಿಯುತ್ತದೆ. ಅದನ್ನು ತೊಯ್ದ ಮಣ್ಣಿನಿಂದ ತುಂಬಿದರೆ ಹತ್ತು ಕಿಲೋಗ್ರಾಮಿನ ಆಸುಪಾಸು. ಹತ್ತು ಕುಂಡಗಳಾದರೆ ಒಂದು ಕ್ವಿಂಟಾಲು! ತೆಂಗಿನ ನಾರಿನ ಪುಡಿಯನ್ನು ತೊಳೆದು ಬೆರೆಸಿದರೆ ಭಾರ ಇಳಿಯುತ್ತದೆ. ಕುಂಡಗಳು ಕಂಬಗಳ ಬಳಿಯಲ್ಲಿ, ಬೇಲಿಗೆ ಒತ್ತಿಕೊಂಡು ಇರಲಿ. ಮುಂದಕ್ಕೆ ಚಾಚಿದ ಕೊಕ್ಕೆ ಸನ್ನೆಗೋಲಿನಂತೆ ವರ್ತಿಸಿ ಕಂಬವನ್ನೇ ಬಾಗಿಸುತ್ತದೆ.

ಸ್ಪ್ರಿಂಗ್ ತ್ರಾಸನ್ನು ತಂದ ದಿನ ಅತ್ತೆಯವರಿಗೂ ತ್ರಾಸಿಗೂ ಒಂದು ಪಂದ್ಯವನ್ನೇರ್ಪಡಿಸಿದೆವು. ಉಳಿದ ಆರು ಕುಂಡಗಳೂ ಒಂದೇ ಅಳತೆಯವು. ಅವರು ಅಂಗೈಯಿಂದಲೇ ಎತ್ತಿ, ಹೆಚ್ಚು ಒಣಗಿದ್ದು ಮೊದಲಾಗಿ ಸಾಲಾಗಿ ಜೋಡಿಸಿದರು. ನಾವು ಒಂದೊಂದನ್ನೂ ತೂಗಿ ಅದರ ಪೂರ್ಣಭಾರದಿಂದ ಕಳೆದು ನೋಡಿದೆವು. ಐದು ಸರಿಯಾಗಿದ್ದವು. ಅವರು ತೇವವೆಂದು ಕಡೆಯಲ್ಲಿಟ್ಟಿದ್ದ ಆರನೆಯದು ಒಣಗಿತ್ತು. ಅದು ನಾವು ತಳಕ್ಕೆ ಜಲ್ಲಿ ಹಾಕಿದ್ದ ಕುಂಡ; ಕಲ್ಲಿನ ಭಾರವನ್ನು ಅವರ ಕೈ ನೀರಿನ ಭಾರವೆಂದುಕೊಂಡಿತ್ತು. ಪೂರ್ಣಭಾರವನ್ನು ಬರೆದಿಟ್ಟುಕೊಳ್ಳದಿದ್ದರೆ ತ್ರಾಸೂ ಹಾಗೆಯೇ ಮೋಸಹೋಗುತ್ತಿತ್ತು. ಆ ಸಂಜೆಯೇ ಗಿಡವನ್ನು ಬಿಡಿಸಿ ಜಲ್ಲಿಯನ್ನು ದಾರಿಗೆ ಸುರಿದೆವು.